ಗಂಧಕದ ಕಾಗದ

ಕೈ ಮೇಲೇಳುವ ಮುಕ್ಕಾಲು ಸೆಕೆಂಡು ಮೊದಲೇ ಕೊಲೆ ಶುರುವಾಗಿರುತ್ತದೆ. ನಾಡಿ ಜಿಗಿಯುತ್ತದೆ, ಅಂಗೈ ಬೆವರುತ್ತದೆ, ಹೆಗಲಿನ ಸ್ನಾಯು ಕೂದಲೆಳೆಯಷ್ಟು ಬಿಗಿಯುತ್ತದೆ. ಕೊಡಲಿ ಎತ್ತುವುದು ಆಮೇಲಿನ ಮಾತು. ಆ ಮುಕ್ಕಾಲು ಸೆಕೆಂಡಿನೊಳಗೆ ಮನುಷ್ಯನನ್ನು ಹಿಡಿದು ನಿಲ್ಲಿಸುವಂತಿದ್ದರೆ? ಬೋರಗಿಹಾಳ ತಾಲೂಕಿನಲ್ಲಿ ಹಾಗೆ ಹಿಡಿದು ನಿಲ್ಲಿಸಿದ ಗಂಡಸರು ನಾನೂರ ಹನ್ನೊಂದು ಜನ ಇದ್ದರು.

ಅವರೆಲ್ಲರ ಎಡಗಿವಿಯಲ್ಲಿ ಒಂದು ಮುರುವು. ಅಜ್ಜಂದಿರು ಹಾಕುತ್ತಿದ್ದ ಚಿನ್ನದ ಮುರುವಲ್ಲ, ಸರಕಾರದ್ದು. ಕಿವಿಯ ಒಳಮಡಿಕೆಯಲ್ಲಿ, ಎದೆಬಡಿತವನ್ನು ಇಳಿಸುವ ನರದ ಒಂದು ಕೊಂಬೆ ಚರ್ಮದ ಹತ್ತಿರ ಬರುತ್ತದೆ. ಮುರುವನ್ನು ಅಲ್ಲಿ ಚುಚ್ಚಿ ಹಿಂದಿನಿಂದ ಬೆಸುಗೆ ಹಾಕಿರುತ್ತಾರೆ. ಮೈಯೊಳಗಿನ ಸುದ್ದಿಯನ್ನು ಅದು ಕ್ಷಣಕ್ಷಣವೂ ಸಂಯಮ ಕೇಂದ್ರದ ಸರ್ವರುಗಳಿಗೆ ಕಳಿಸುತ್ತದೆ. ಒಬ್ಬನ ಸಿಟ್ಟು ಇನ್ನೊಬ್ಬನ ಸಿಟ್ಟಿನಂತಿರುವುದಿಲ್ಲ. ಕೆಲವರದು ದವಡೆಯಿಂದ ಹತ್ತುತ್ತದೆ, ಕೆಲವರದು ಮೊಣಕಾಲಿನಿಂದ. ವರ್ಷಗಟ್ಟಲೆ ಕಲಿತ ಸರ್ವರಿಗೆ ಒಬ್ಬೊಬ್ಬನ ನಡೆಯೂ ಗೊತ್ತು. ಸರಿಯಾದ ಕ್ಷಣಕ್ಕೆ ಅದು ಒಂದು ಕುಟುಕು ಕಳಿಸುತ್ತದೆ, ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಹೊತ್ತುಗೊತ್ತಿಲ್ಲದೆ ಕುಟುಕುತ್ತಿದ್ದರೆ ಮನುಷ್ಯ ಕೊರಡಾಗಿ ಕೂತುಬಿಡುತ್ತಾನೆ. ಆದ್ದರಿಂದಲೇ ಮುರುವೊಂದೇ ಸಾಲದು, ಸರ್ವರು ಬೇಕು.

ಸುಗಲವ್ವನ ಮನೆಯಲ್ಲಿ ಇಂಥ ಮುರುವು ಎರಡಿದ್ದವು ಎನ್ನಬಹುದು. ಒಂದು ಅವಳ ಮಗ ಗುರುಪಾದನ ಕಿವಿಯಲ್ಲಿ. ಇನ್ನೊಂದು ಅವಳ ಗಂಡನನ್ನು ಕಡಿದವನ ಕಿವಿಯಲ್ಲಿ. ಕಡಿದವನು ಅವಳ ಬೆನ್ನಿಗೆ ಹುಟ್ಟಿದ ತಮ್ಮ, ರಾಚಪ್ಪ.

ಒಂಬತ್ತು ವರ್ಷದ ಹಿಂದಿನ ಮಾತು. ಅವಳ ಗಂಡ ಸಿದರಾಯನ ದ್ರಾಕ್ಷಿ ತೋಟಕ್ಕೂ ರಾಚಪ್ಪನ ತೋಟಕ್ಕೂ ಒಂದೇ ಬೋರು. ಮಂಗಳವಾರದ ನೀರು ಯಾರ ಪಾಳಿ ಎಂದು ಮಾತು ಹತ್ತಿತು. ರಾಚಪ್ಪ ಮೂರು ಏಟು ಹಾಕಿದ. ಮೊದಲನೆಯದು ಹೆಗಲಿಗೆ, ಎರಡನೆಯದು ಕುತ್ತಿಗೆಗೆ, ಮೂರನೆಯದು ಸತ್ತ ಮೇಲೆ. ಹದಿನಾಲ್ಕು ವರ್ಷದ ಗುರುಪಾದ ನೀರಿನ ಪೈಪು ಹಿಡಿದು ಅಲ್ಲೇ ನಿಂತಿದ್ದ. ಎರಡು ವರ್ಷ ಕಾದು, ಮಾಮ ಜಾಮೀನಿನ ಮೇಲೆ ಬಂದ ವಾರವೇ ಅವನ ಬೆನ್ನನ್ನು ಕುಡುಗೋಲಿನಿಂದ ಒಂದು ಗೇಣು ಸೀಳಿದ. ಆ ಹೊತ್ತಿಗೆ ಹೊಸ ಕಾನೂನು ಬಂದಿತ್ತು. ಇಬ್ಬರಿಗೂ ಜೈಲಿನ ಬದಲು ಮುರುವು ಬಿತ್ತು.

ಅಂದಿನಿಂದ ಸುಗಲವ್ವನಿಗೆ ಬೇಕಾದದ್ದು ಒಂದೇ. ಮಗ ಕೊಲೆಗಾರನಾಗಬಾರದು. ಗಂಡ ಹೋದ, ತವರು ಹೋಯಿತು, ಉಳಿದದ್ದು ಇವನ ಎರಡು ಕೈ. ಅವು ಬೆಸುಗೆ ಹಾಕಲಿ, ಗೇಟು ಮಾಡಲಿ, ಏನಾದರೂ ಮಾಡಲಿ, ಅದೊಂದನ್ನು ಮಾಡದಿದ್ದರೆ ಸಾಕು.

ಕಾನೂನಿನಲ್ಲಿ ಇನ್ನೊಂದು ಕಲಮಿತ್ತು. ತಿಂಗಳಿಗೊಮ್ಮೆ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಎದುರಾಳಿ ಕಣ್ಣಮುಂದಿದ್ದಾಗಲೇ ಸರ್ವರು ಚೆನ್ನಾಗಿ ಕಲಿಯುತ್ತದೆಯಂತೆ. ಜನ ಇದನ್ನು ಹಾಜರಿ ಊಟ ಎನ್ನುತ್ತಿದ್ದರು. ಅಮಾವಾಸ್ಯೆಯ ಮಧ್ಯಾಹ್ನ ರಾಚಪ್ಪ ಬರುತ್ತಿದ್ದ, ಕಾಲು ತೊಳೆಯುತ್ತಿದ್ದ, ಅಕ್ಕನ ಮುಖ ನೋಡದೆ ಕೂರುತ್ತಿದ್ದ.

ಕಳೆದ ಅಮಾವಾಸ್ಯೆಯಂದೂ ಹಾಗೆಯೇ ಬಂದ. ಸುಗಲವ್ವ ಹೋಳಿಗೆ ಬಡಿಸಿದಳು.

"ತುಪ್ಪ ಹಾಕ್ಲೇನು?" ಎಂದಳು.

"ಸ್ವಲ್ಪ ಹಾಕಕ್ಕ."

"ಅವ್ರಿಗಿ ಜಾಸ್ತಿನೇ ಹಾಕವ್ವ," ಗುರುಪಾದ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ. "ಕೊಡ್ಲಿ ಎತ್ತಾಕ ತಾಕತ್ ಬೇಕಲ್ಲ."

"ನಿಮ್ಮಪ್ಪಗೂ ಬಾಯಿ ಹಿಂಗೇ ಇತ್ತು," ಎಂದ ರಾಚಪ್ಪ.

ಮಗನ ದವಡೆಯ ಎಲುಬು ಹೊರಕ್ಕೆ ಬಂದದ್ದನ್ನು ಸುಗಲವ್ವ ಕಂಡಳು. ಹಿತ್ತಾಳೆಯ ತಂಬಿಗೆಯ ಕೊರಳಿನ ಸುತ್ತ ಅವನ ಬೆರಳುಗಳು ಬಿಳಿಚಿಕೊಂಡವು. ತಂಬಿಗೆ ನೆಲದಿಂದ ಎದ್ದಿತು. ಆಗ ಕಿವಿಯಲ್ಲಿ ಚಿಟ್ ಎಂಬ ಸಣ್ಣ ಸದ್ದು. ಅವನ ಕಣ್ಣು ಅರ್ಧ ಮುಚ್ಚಿದವು, ಬೆರಳು ಒಂದೊಂದಾಗಿ ಬಿಚ್ಚಿದವು, ತಂಬಿಗೆ ಉರುಳಿ ನೀರು ರಾಚಪ್ಪನ ತಟ್ಟೆಯವರೆಗೆ ಹರಿಯಿತು. ಇಬ್ಬರೂ ಮತ್ತೆ ಉಣ್ಣತೊಡಗಿದರು. ಸುಗಲವ್ವ ನೀರು ಒರೆಸಿದಳು. ಅವಳ ಸಿಟ್ಟನ್ನು ಅಳೆಯುವವರಿರಲಿಲ್ಲ. ಹೆಂಗಸರಿಗೂ ಮುರುವು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಸಂಯಮ ಕೇಂದ್ರವಿದ್ದದ್ದು ಊರ ಹೊರಗಿನ ಹಳೆಯ ಕೋಲ್ಡ್ ಸ್ಟೋರೇಜಿನಲ್ಲಿ. ಒಂದು ಕಾಲಕ್ಕೆ ಅಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗಳನ್ನು ಪೇರಿಸುತ್ತಿದ್ದರು. ಈಗ ಅಲ್ಲಿ ಕಪ್ಪು ಕಪಾಟುಗಳು ಗುಂಯ್‌ಗುಡುತ್ತಿದ್ದವು. ಈ ವರ್ಷ ಅವನ್ನು ಚಿತ್ರದುರ್ಗದ ಬಯಲಿನಲ್ಲಿ ಕಟ್ಟಿದ ದೊಡ್ಡ ಡೇಟಾ ಸೆಂಟರಿಗೆ ಸಾಗಿಸಬೇಕೆಂದು ಆದೇಶ ಬಂತು. ಕ್ಷಣದ ಸುದ್ದಿ ಹೋಗಲಿ, ವರ್ಷಗಟ್ಟಲೆ ಕೂಡಿಟ್ಟ ಸಿಟ್ಟಿನ ದಾಖಲೆ ತಂತಿಯ ಮೇಲೆ ಹೋಗಕೂಡದು, ನಡುವೆ ಯಾರಾದರೂ ಕದ್ದಾರು ಎಂದು ನ್ಯಾಯಾಲಯ ಹೇಳಿತ್ತು. ಹಾಗಾಗಿ ಯಂತ್ರಗಳೇ ಲಾರಿ ಹತ್ತಬೇಕು. ಸರ್ವರುಗಳಿದ್ದದ್ದು ಮೂವತ್ತಾರರ ಎರಡು ಜೊತೆ, ಒಂದರ ಪಡಿಯಚ್ಚು ಇನ್ನೊಂದು. ಮೊದಲ ಜೊತೆ ಹೋಗಿ ಅಲ್ಲಿ ಚಾಲೂ ಆದ ಮೇಲೆ ಎರಡನೆಯದನ್ನು ಇಲ್ಲಿ ಬಿಚ್ಚುವುದು ಎಂದು ಗೊತ್ತುಮಾಡಿದ್ದರು.

ಪರೀಕ್ಷೆಗೆಂದು ನಗರದ ಆಳುಗಳು ಕಟ್ಟಿ ಕಳಿಸಿದ ಒಂದು ಸರ್ವರು ಎದೆ ಸೀಳಿಕೊಂಡು ಚಿತ್ರದುರ್ಗ ತಲುಪಿತು. ಆಗ ಕೇಂದ್ರದ ಎಂಜಿನಿಯರ್ ಶಾಲ್ಮಲಿ, ಶಿವಮೊಗ್ಗ ಕಡೆಯ ಹುಡುಗಿ, ಇಲ್ಲಿ ನಾಜೂಕಾದ ಸಾಮಾನು ಕಟ್ಟುವವರು ಯಾರಿದ್ದಾರೆ ಎಂದು ಊರಲ್ಲಿ ವಿಚಾರಿಸಿದಳು. ಎಲ್ಲರೂ ಹೇಳಿದ್ದು ಒಂದೇ ಹೆಸರು. ಸುಗಲವ್ವನ ಗುಂಪು ಕಟ್ಟಿದ ದ್ರಾಕ್ಷಿ ಹಡಗು ಹತ್ತಿ ಇಳಿದರೂ ಹಣ್ಣಿನ ಮೇಲಿನ ಬಿಳಿ ಧೂಳು ಅಳಿಯುತ್ತಿರಲಿಲ್ಲ.

ಒಂಬತ್ತು ಹೆಂಗಸರು ಬಂದರು. ಎರಡು ದಿನದಲ್ಲಿ ಕಲಿತರು. ಕಪಾಟಿಗೆ ಸ್ಥಾಯೀ ವಿದ್ಯುತ್ತು ತಾಗದ ಚೀಲ ಹೊದಿಸುವುದು, ಆಳೆತ್ತರದ ಮರದ ಪೆಟ್ಟಿಗೆಯಲ್ಲಿ ನಿಲ್ಲಿಸುವುದು, ನಾಲ್ಕೂ ಬದಿಗೆ ಫೋಮು ಒತ್ತಿ ಕೂರಿಸುವುದು, ಅಗಲ ಪಟ್ಟಿಗಳನ್ನು ಸುತ್ತಿ ಹಲ್ಲುಚಕ್ರದ ಹಿಡಿಕೆಯಿಂದ ಕಟಕಟ ಬಿಗಿಯುವುದು. ಅಲುಗಬಾರದು, ಒಂದಕ್ಕೊಂದು ತಾಗಬಾರದು, ಮಲಗಿಸಬಾರದು. ದ್ರಾಕ್ಷಿಯ ಹಾಗೆಯೇ.

"ಮೇಡಮ್ಮಾರ, ಇದರಾಗ ನಮ್ಮ ಮನ್ಯಾವ್ರ ಸಿಟ್ಟೂ ಅದ ಏನ್ರಿ?" ಅವರಲ್ಲೊಬ್ಬಳು, ಹುಸೇನಬಿ, ಒಂದು ಕಪಾಟಿನ ಮೇಲೆ ಕೈಯಿಟ್ಟು ಕೇಳಿದ್ದಳು.

"ಇರಬೇಕು. ಯಾಕೆ?"

"ಸ್ವಲ್ಪ ಹೊರಗ ತಗದ ಕೊಡ್ರಿ. ಮನ್ಯಾಗ ಮಾತೇ ಆಡವಲ್ರು, ಬರೇ ಕುಂತಿರ್ತಾರ."

ಹೆಂಗಸರು ನಕ್ಕರು. ಶಾಲ್ಮಲಿಯೂ ನಕ್ಕಳು.

ಅವಳು ಕೊಟ್ಟ ಸೂಚನೆಗಳ ಹಾಳೆಯಲ್ಲಿ ಎಲ್ಲವೂ ಇತ್ತು. ಕೊನೆಯ ಸಾಲು ಹೀಗಿತ್ತು: ತೇವ, ಬೂಷ್ಟು ತಾಗದಂತೆ ಒಳಗೆ ಸೂಕ್ತ ರಕ್ಷಣೆ ಇಡತಕ್ಕದ್ದು. ಸೂಕ್ತ ಎಂದರೇನೆಂದು ಯಾರೂ ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಅದು. ದ್ರಾಕ್ಷಿಯ ಪೆಟ್ಟಿಗೆ ಮುಚ್ಚುವ ಮುಂಚೆ ಮೇಲೊಂದು ಗಂಧಕದ ಕಾಗದ ಹಾಸುವುದು ಈ ಹೆಂಗಸರ ಕೈಗೆ ಉಸಿರಾಟದಷ್ಟು ರೂಢಿ. ತೇವ ತಗುಲಿದಾಗ ಕಾಗದ ಮೆಲ್ಲಗೆ ಗಂಧಕದ ಹೊಗೆ ಬಿಡುತ್ತದೆ, ಬೂಷ್ಟು ಹತ್ತಿರ ಸುಳಿಯುವುದಿಲ್ಲ. ಮಗನ ಸಿಟ್ಟು ಯಾವ ಕಪಾಟಿನಲ್ಲಿದೆಯೋ ಸುಗಲವ್ವನಿಗೆ ಗೊತ್ತಿರಲಿಲ್ಲ. ಅದಕ್ಕೆ ಅವಳು ಕಾಗದ ಇರುವವರೆಗೆ ಒಂದೊಂದು ಚೀಲದೊಳಗೂ ಎರಡೆರಡು ಇಡಿಸಿದಳು.

ಮೊದಲ ಜೊತೆ, ಮೂವತ್ತಾರು ಪೆಟ್ಟಿಗೆ, ಹೋಯಿತು. ಚಿತ್ರದುರ್ಗದಲ್ಲಿ ತಂಪು ಯಂತ್ರ ಇನ್ನೂ ಕೂರಿಸಿರಲಿಲ್ಲವಾಗಿ ಮೂರು ವಾರ ಪೆಟ್ಟಿಗೆಗಳು ಮುಚ್ಚಿದ ಹಾಗೇ ಗೋದಾಮಿನಲ್ಲಿದ್ದವು. ಆಮೇಲೆ ಬಿಚ್ಚಿ ಜೋಡಿಸಿದರು. ಆರು ದಿನ ಸರಿಯಾಗಿ ನಡೆದವು. ಏಳನೆಯ ದಿನ ಬೆಳಿಗ್ಗೆ ಆರಕ್ಕೆ ಶಾಲ್ಮಲಿ ಬೋರಗಿಹಾಳದ ಎರಡನೆಯ ಜೊತೆಯನ್ನು ಬಂದ್ ಮಾಡಿದಳು. ಗುಂಯ್‌ಗುಡುವಿಕೆ ನಿಂತಾಗ ಆ ಹಳೆಯ ಕಟ್ಟಡದಲ್ಲಿ ಗುಬ್ಬಿಗಳ ಸದ್ದು ಮೊದಲ ಸಲ ಕೇಳಿಸಿತು.

ಒಂಬತ್ತೂವರೆಗೆ ಅರ್ಧ ಪೆಟ್ಟಿಗೆಗಳನ್ನು ಹೇರಿಕೊಂಡ ಮೊದಲ ಲಾರಿ ಹೊರಟಿತು. ಎರಡನೆಯ ಲಾರಿ ಬಾಗಿಲಿಗೆ ಹಿಂದುಮುಂದಾಗಿ ನಿಂತಿತ್ತು, ಗಾಳಿಯ ಬುಗ್ಗೆಗಳ ಮೇಲೆ ಓಡುವ, ಹಳ್ಳ ಬಿದ್ದರೂ ಕುಲುಕದ ಗಾಡಿ. ಚಾಲಕ ದಸ್ತಗೀರ ಬೀಡಿ ಸೇದುತ್ತ ಕೂತಿದ್ದ. ಹತ್ತು ಗಂಟೆಗೆ ಶಾಲ್ಮಲಿಯ ಫೋನು ಹೊಡೆದುಕೊಂಡಿತು. ಅವಳು ಮಾತಾಡುತ್ತ ಆಡುತ್ತ ಗೋಡೆಗೆ ಒರಗಿದಳು.

"ಎಷ್ಟು ಹೋಯ್ತು? ಹನ್ನೆರಡಾ? ಒಟ್ಟಿಗೇ ಹೇಗೆ ಹೋಗತ್ತೆ? ಒಳಗೆ ಬಿಚ್ಚಿ ನೋಡಿ." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಕಪ್ಪಾಗಿದೆಯಾ? ಬೆಳ್ಳಿ ಲೇಪ ಇರೋ ಕಡೆಯೆಲ್ಲಾ? ಏನು ವಾಸನೆ?"

ಸುಗಲವ್ವ ಮುಚ್ಚಳ ಬಡಿಯುವ ಕೊಡತಿಯನ್ನು ಕೆಳಗಿಡದೆ ನೋಡುತ್ತಿದ್ದಳು.

"ಬೆಂಕಿಕಡ್ಡಿ ಗೀರಿದ ವಾಸನೆಯಂತೆ," ಶಾಲ್ಮಲಿ ಫೋನು ಇಳಿಸಿ ಅವಳ ಕಡೆ ತಿರುಗಿದಳು. "ಮೂವತ್ತೆರಡು ಸಾಯ್ತಾ ಇವೆ ಸುಗಲವ್ವ. ನಾಲ್ಕಕ್ಕೆ ಮಾತ್ರ ಏನೂ ಆಗಿಲ್ಲ. ಯಾಕೆ ಆ ನಾಲ್ಕು?"

ನಾಲ್ಕು ಎಂದೊಡನೆ ಸುಗಲವ್ವನಿಗೆ ಆ ದಿನದ ಕೊನೆಯ ಪೆಟ್ಟಿಗೆಗಳು ನೆನಪಾದವು.

"ಅವತ್ತ ಕಾಗದ ಮುಗದಿತ್ರಿ," ಎಂದಳು.

"ಯಾವ ಕಾಗದ?"

ಸುಗಲವ್ವ ಆಗಷ್ಟೇ ಮುಚ್ಚಿದ ಪೆಟ್ಟಿಗೆಯ ಮುಚ್ಚಳ ಕಿತ್ತಳು, ಚೀಲ ಹರಿದಳು, ಬಿಳಿಯ ಹಾಳೆ ಹೊರತೆಗೆದು ತೋರಿಸಿದಳು. ಶಾಲ್ಮಲಿ ಮೂಸಿದಳು. ಬಯ್ಯಲಿಲ್ಲ. ಪಾಠ ಹೇಳುವವಳಂತೆ ಒಂದೇ ದನಿಯಲ್ಲಿ ಹೇಳುತ್ತ ಹೋದಳು. ಬೆಳ್ಳಿಗೆ ಗಂಧಕ ತಗುಲಿದರೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಮುಚ್ಚಿದ ಚೀಲ, ಮೂರು ವಾರದ ತೇವ. ವಿದ್ಯುತ್ತು ಹರಿದಾಗ ಆ ಹೊಪ್ಪಳೆ ಒಂದು ತಂತಿಗೆರೆಯಿಂದ ಪಕ್ಕದ ಗೆರೆಗೆ ತೆವಳಿ ಎರಡನ್ನೂ ಕೂಡಿಸುತ್ತದೆ. ಅಲ್ಲಿಗೆ ಮುಗಿಯಿತು.

"ಇವು?" ಸುಗಲವ್ವ ಸುತ್ತ ನಿಂತ ಪೆಟ್ಟಿಗೆಗಳನ್ನು ತೋರಿಸಿದಳು.

"ಇವಕ್ಕೆ ನಾಲ್ಕು ಗಂಟೆ ಆಗಿದೆ ಅಷ್ಟೆ. ಕಾಗದ ತೆಗೆದರೆ ಉಳಿಯತ್ತೆ. ಹೋದ ಲಾರಿ ವಾಪಸ್ ಕರೆಸ್ತೀನಿ. ಎಲ್ಲಾ ಮತ್ತೆ ಜೋಡಿಸಿ ಚಾಲೂ ಮಾಡೋಕೆ ಮೂರು ದಿನ."

"ಮೂರ ದಿನ ಮುರುವು ಸತ್ತಿರ್ತಾವೇನ್ರಿ?"

ಪೇಟೆಯ ಕಡೆಯಿಂದ ಉತ್ತರ ಬಂತು. ಮೊದಲು ಒಂದು ಕೂಗು, ಆಮೇಲೆ ಅಂಗಡಿಯ ಕದಗಳನ್ನು ಎಳೆದು ಇಳಿಸುವ ಸದ್ದು, ಸಾಲಾಗಿ, ಒಂದರ ಹಿಂದೊಂದು.

ಸುಗಲವ್ವ ಕೊಡತಿ ಹಿಡಿದೇ ಲಾರಿಯ ಕಡೆ ನಡೆದಳು. "ದಸ್ತಗೀರಣ್ಣ, ಎರಡ ಖಾಲಿ ಪೆಟಗಿ ಒಳಗ ಹಾಕು. ಪಟ್ಟಿನೂ."

"ಎಲ್ಲಿಗಿ?"

"ನನ್ನ ಮಗನ ಕಟ್ಟಾಕ."

ಶಾಲ್ಮಲಿ ಹಿಂದೆಯೇ ಓಡಿಬಂದಳು. "ಉಳಿದ ನಾಲ್ಕು ಸರ್ವರಿನಿಂದ ದೂರದವರನ್ನ ಹಿಡಿಯೋಕಾಗಲ್ಲ. ಆ ಕಟ್ಟಡದ ಒಳಗೇ ಇದ್ದರೆ ಇಬ್ಬರನ್ನ ಹಿಡೀಬಹುದು. ಚಿತ್ರದುರ್ಗಕ್ಕೆ ಕರ್ಕೊಂಡು ಹೋಗಿ. ಇಬ್ಬರನ್ನೂ. ನಾನು ಅಲ್ಲಿ ಹೇಳಿಡ್ತೀನಿ." ಆಮೇಲೆ ಒಳಗೆ ಹೋಗಿ ಕಬ್ಬಿಣದ ಬಾಗಿಲು ಹಾಕಿಕೊಂಡಳು. ಎಂಟು ಹೆಂಗಸರು ಅವಳೊಂದಿಗೆ ಉಳಿದರು, ಚೀಲಗಳಿಂದ ಕಾಗದ ತೆಗೆಯಲು.

ಪೇಟೆಯಲ್ಲಿ ಏಳು ವರ್ಷದ ಬಾಕಿ ಒಂದೇ ಬೆಳಿಗ್ಗೆ ತೀರುತ್ತಿತ್ತು. ಹೋಟೆಲಿನ ಮುಂದೆ ಒಬ್ಬ ಕುದಿಯುವ ಎಣ್ಣೆಯ ಬಾಣಲೆಯನ್ನು ಎತ್ತಿ ಇನ್ನೊಬ್ಬನ ಎದೆಗೆ ಸುರಿದ. ದಿನಾ ಅದೇ ಹೋಟೆಲಿನಲ್ಲಿ ಅವರು ಅಕ್ಕಪಕ್ಕ ಚಹಾ ಕುಡಿಯುತ್ತಿದ್ದರು. ದರ್ಜಿ ಮಾನಪ್ಪ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ಬಿದ್ದಿದ್ದ ಒಬ್ಬನ ಬೆನ್ನಿಗೆ ಇಳಿಸುತ್ತಿದ್ದ. ಎತ್ತುತ್ತಿದ್ದ, ಇಳಿಸುತ್ತಿದ್ದ. ಕೆಳಗಿದ್ದವನು ಆಗಲೇ ಅಲುಗುತ್ತಿರಲಿಲ್ಲ. ಮಾನಪ್ಪನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ತೋಳು ಮಾತ್ರ ನಿಲ್ಲುತ್ತಿರಲಿಲ್ಲ. ಠಾಣೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಏಳು ವರ್ಷದಿಂದ ಆ ಠಾಣೆಯಲ್ಲಿದ್ದವರು ಮೂರೇ ಜನ, ಅವರೂ ಕಾಗದಪತ್ರದವರು. ಮುರುವಿಲ್ಲದ ಗಂಡಸರು ಕೂಡ ಕಲ್ಲು ಎತ್ತಿಕೊಂಡಿದ್ದರು.

ದಸ್ತಗೀರ ಎದುರು ಬಂದವರನ್ನು ತಪ್ಪಿಸುತ್ತ ಲಾರಿ ನುಗ್ಗಿಸಿದ. ಗಾಜಿಗೆ ಏನೋ ಬಡಿದು ಒಂದು ಬಿರುಕು ಮೂಲೆಯಿಂದ ಮೂಲೆಗೆ ಓಡಿತು.

ಗುರುಪಾದನ ವೆಲ್ಡಿಂಗ್ ಅಂಗಡಿ ಊರ ತುದಿಯಲ್ಲಿ. ಅವರು ತಲುಪಿದಾಗ ರಾಚಪ್ಪ ಆಗಲೇ ಅಲ್ಲಿದ್ದ. ಸೋದರಳಿಯ ತನ್ನನ್ನು ಹುಡುಕಿಕೊಂಡು ಬರುವ ಮೊದಲು ತಾನೇ ಹೋಗಿ ಮುಗಿಸಬೇಕೆಂಬ ಹೆದರಿಕೆ ಅವನನ್ನು ಎಳೆತಂದಿತ್ತು. ಅವನ ಕೊಡಲಿ ಗುರುಪಾದನ ತಲೆ ತಪ್ಪಿ ಕಿಟಕಿಯ ಚೌಕಟ್ಟಿನಲ್ಲಿ ನಾಟಿಕೊಂಡಿತ್ತು. ಎಳೆದು ಬಿಡಿಸುವಷ್ಟರಲ್ಲಿ ಗುರುಪಾದನ ಕಬ್ಬಿಣದ ಸಲಾಕೆ ಅವನ ಎಡ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ಸುಗಲವ್ವನಿಗೆ ಲಾರಿಯ ಬಾಗಿಲಲ್ಲೇ ಕೇಳಿಸಿತು.

ರಾಚಪ್ಪ ಮೊಣಕಾಲೂರಿದ. ಗುರುಪಾದ ಅವನ ಮುಂದೆ ನಿಂತು ಎಡಗಿವಿಯನ್ನು ಮುಟ್ಟಿ ನೋಡಿಕೊಂಡ.

"ಸುಮ್ಮನಾಗ್ಯದ, ಮಾಮಾ," ಎಂದ. ದನಿ ಮೆತ್ತಗಿತ್ತು. "ನಿಂಗೂ ಕೇಳವಲ್ದಲ್ಲ?"

ಸಲಾಕೆ ಎರಡೂ ಕೈಯಲ್ಲಿ ಮೇಲೇರಿತು. ಈ ಸಲ ಅದು ತಲೆಗೇ ಇತ್ತು.

ಸುಗಲವ್ವ ಹಿಂದಿನಿಂದ ಹೊಡೆದಳು. ಪೆಟ್ಟಿಗೆಯ ಮುಚ್ಚಳ ಬಡಿಯುವ ಮರದ ಕೊಡತಿಯನ್ನು ಬೀಸಿ ಮಗನ ಬಲ ಹೆಗಲಿನ ಎಲುಬಿಗೆ ಹಾಕಿದಳು. ಅವನು ತಿರುಗಿದ, ತಾಯಿಯೆಂದು ಗೊತ್ತಾಯಿತು, ಆದರೂ ಮುನ್ನುಗ್ಗಿದ. ಎರಡನೆಯ ಏಟು ಮೊಣಕೈಗೆ. ಸಲಾಕೆ ಬಿತ್ತು. ದಸ್ತಗೀರ ಹಿಂದಿನಿಂದ ಪಟ್ಟಿ ಹಾಕಿ ಎಳೆದ. ಮೂವರೂ ಕಬ್ಬಿಣದ ಪುಡಿಯ ಮೇಲೆ ಉರುಳಿದರು. ಗುರುಪಾದ ಅವಳ ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿದ, ಅವಳು ಕೈ ಬಿಡಿಸಿಕೊಳ್ಳದೆ ಇನ್ನೊಂದು ಕೈಯಿಂದ ಅವನ ಕೂದಲು ಹಿಡಿದು ನೆಲಕ್ಕೆ ಬಡಿದಳು. ಒಮ್ಮೆ, ಎರಡು ಸಲ, ಅವನ ಕಣ್ಣು ಮೇಲಕ್ಕೆ ತಿರುಗುವವರೆಗೆ.

"ಸತ್ತಗಿತ್ತಾನಕ್ಕ," ಎಂದ ದಸ್ತಗೀರ.

"ಸಾಯಂಗಿಲ್ಲ. ಎತ್ತು."

ಕೊಳೆತ ಹಣ್ಣಿಗೂ ನೋವಾಗದಂತೆ ಎತ್ತಿಡುತ್ತಿದ್ದ ಕೈ ಅವು. ಮಗನನ್ನು ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಎರಡೂ ಬದಿಗೆ ಫೋಮು ಒತ್ತಿದರು, ಕಾಲು, ತೊಡೆ, ಸೊಂಟಕ್ಕೆ ಪಟ್ಟಿ ಬಿಗಿದರು, ತೋಳುಗಳನ್ನು ಮೈಗೆ ಸೇರಿಸಿ ಇನ್ನೊಂದು. ತಲೆ ಬಡಿಯದಿರಲೆಂದು ಸುಗಲವ್ವ ಸೆರಗು ಹರಿದು ಹಿಂದಿಟ್ಟಳು. ದಸ್ತಗೀರ ಬೈರಿಗೆಯಿಂದ ಮುಚ್ಚಳದಲ್ಲಿ ಗಾಳಿಗೆ ತೂತು ಕೊರೆದ.

ರಾಚಪ್ಪ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇದೆಲ್ಲವನ್ನೂ ನೋಡುತ್ತಿದ್ದ.

"ನಾ ಎಲ್ಲೆರೆ ಓಡಿ ಹೋಕ್ಕೀನಿ ಅಕ್ಕ," ಎಂದ.

"ಎಲ್ಲಿಗಿ ಓಡ್ತಿ? ಇವ ಮೂರ ದಿನದಾಗ ಬಿಚ್ಚಕೊಂಡ ಬಂದು ನಿನ್ನ ಹುಡಕತಾನ. ಗಾಡಿ ಹತ್ತು."

"ನಾನೂ ಅದರೊಳಗ ನಿಲ್ಲಬೇಕೇನು?"

"ದಾರ್ಯಾಗ ಗಾಡಿ ತಡದು ನೋಡ್ತಾರ. ಕಂಡ್ರ ಬಿಡ್ತಾರೇನು ನಿನ್ನ?"

ಅವನು ಎದ್ದ, ತಾನೇ ಹೋಗಿ ಪೆಟ್ಟಿಗೆಯೊಳಗೆ ನಿಂತ, ಸಣ್ಣವನಿದ್ದಾಗ ಅಂಗಿ ತೊಡಿಸಿಕೊಳ್ಳಲು ನಿಲ್ಲುತ್ತಿದ್ದ ಹಾಗೆ, ಗದ್ದ ಎತ್ತಿ. ಸುಗಲವ್ವ ಪಟ್ಟಿ ಹಾಕಿದಳು. ಮುರಿದ ಕೈ ಅಲುಗದಂತೆ ಅದನ್ನು ಎದೆಗೆ ಒತ್ತಿ, ಮೇಲಿನಿಂದ ಅಗಲ ಪಟ್ಟಿ ತಂದು ಹಿಡಿಕೆ ಎಳೆದಳು. ಕಟಕಟ ಎಂದಿತು. ಬಿಗಿಯಾಯಿತು.

"ಸಾಕಕ್ಕ," ಎಂದ ರಾಚಪ್ಪ.

ಇನ್ನೊಂದು ಸಲ ಎಳೆದಳು. ಅವಳ ಹೆಬ್ಬೆರಳಿನಿಂದ ರಕ್ತ ಸೋರಿ ಪಟ್ಟಿಯ ಮೇಲೆ ಬಿತ್ತು. ಮುಚ್ಚಳ ಹಾಕಿ ಮೊಳೆ ಬಡಿದಳು.

ಕೊಲ್ಹಾರದ ಸೇತುವೆಗೆ ಮುಂಚೆ ಹತ್ತು ಹನ್ನೆರಡು ಜನ ರಸ್ತೆಗೆ ಕಲ್ಲು ಅಡ್ಡ ಇಟ್ಟು ನಿಂತಿದ್ದರು. ಎಲ್ಲರ ಎಡಗಿವಿಯಲ್ಲೂ ಹೊಳಪು. ಒಬ್ಬನ ಅಂಗಿ ಮೊಣಕೈವರೆಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಕಂಟೇನರಿನ ಬಾಗಿಲು ತೆಗೆಸಿದರು.

"ಏನದ ಇದರಾಗ?"

"ಸರಕಾರಿ ಮಶೀನ್ರಿ," ಎಂದ ದಸ್ತಗೀರ. "ಚಿತ್ರದುರ್ಗಕ್ಕ."

"ಈ ಮುರುವಿನ ಮಶೀನೇನು?"

ಅಂಗಿ ಒದ್ದೆಯಾದವನು ಹತ್ತಿ ಹೋಗಿ ಮುಂದಿನ ಪೆಟ್ಟಿಗೆಗೆ ಕೊಡಲಿ ಬೀಸಿದ. ಹಲಗೆ ಸೀಳಿ ಅಲಗು ಫೋಮಿನಲ್ಲಿ ಹೂತಿತು. ಅದು ಗುರುಪಾದನಿದ್ದ ಪೆಟ್ಟಿಗೆ. ಒಳಗಿನಿಂದ ಚಕಾರವಿಲ್ಲ. ಇನ್ನೊಂದು ಸಲ ಕೊಡಲಿ ಎತ್ತಿದವನು, ಹಿಂದೆ ಇನ್ನೊಂದು ಗಾಡಿ ಬರುವುದನ್ನು ಕಂಡು ಕೆಳಗೆ ಹಾರಿ ಅದರ ಕಡೆ ಓಡಿದ, ಉಳಿದವರೂ ಓಡಿದರು. ದಸ್ತಗೀರ ಬಾಗಿಲು ಹಾಕಿ, ಕಲ್ಲು ಸರಿಸಿ, ಗಾಡಿ ಬಿಟ್ಟ. ಆ ಗಾಡಿಯಲ್ಲಿ ಯಾರಿದ್ದರೋ, ಸುಗಲವ್ವ ಹಿಂತಿರುಗಿ ನೋಡಲಿಲ್ಲ. ಕೂಗು ಮಾತ್ರ ಸೇತುವೆಯ ನಡುವಿನವರೆಗೂ ಬೆನ್ನಟ್ಟಿ ಬಂತು.

ಹೊಳೆ ದಾಟಿದರೆ ಮುರುವಿನ ಸೀಮೆ ಮುಗಿಯಿತು. ಆಚೆಯ ದಂಡೆಯಲ್ಲಿ ಜನ ಕಲ್ಲಂಗಡಿ ಮಾರುತ್ತಿದ್ದರು. ಹೆಂಗಸೊಬ್ಬಳು ಎಮ್ಮೆಗೆ ನೀರೆರಚುತ್ತಿದ್ದಳು. ದಸ್ತಗೀರ ಗಾಡಿ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ತಲೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡ. ಆಮೇಲೆ ಹೊರಟರು.

ಗಾಡಿಯ ಮುಂದಿನ ಕೋಣೆಗೆ ಹಿಂದಿನದು ಏನೂ ಕೇಳುವಂತಿರಲಿಲ್ಲ. ನಡುವೆ ಎಂಜಿನ್ನಿನ ಸದ್ದು, ತಗಡು, ತಗಡಿನೊಳಗೆ ಹೊದಿಸಿದ ದಪ್ಪ ಫೋಮು. ಇಳಕಲ್ಲಿನ ಹತ್ತಿರ ಡೀಸೆಲಿಗೆಂದು ನಿಂತಾಗ ಸುಗಲವ್ವ ಇಳಿದು ಹಿಂದೆ ಹೋಗಿ, ಬಾಗಿಲ ಸಂದಿಗೆ ಕಿವಿ ಇಟ್ಟಳು. ಬಹಳ ಹೊತ್ತು ಇಟ್ಟಳು.

"ಏನಾರ ಕೇಳ್ತದೇನು?" ದಸ್ತಗೀರ ಕೇಳಿದ.

"ಏನೂ ಇಲ್ಲ."

"ಮಲಗ್ಯಾರ. ಬೈದು ಬೈದು ದಣದಾರ, ಮಲಗ್ಯಾರ."

"ಒಮ್ಮಿ ತಗದ ನೋಡ್ಲೇನಣ್ಣ? ನೀರರೆ ಕೊಟ್ಟ..."

"ಮೊಳಿ ಕಿತ್ತಿ ಅಂದ್ರ ಅವ ಮತ್ತ ಜಿಗಿತಾನ. ಮತ್ತೊಮ್ಮೆ ಹೊಡಿಯಾಕ ನಿನ್ನ ಕೈಲಿ ಆಗ್ತದೇನು? ಇನ್ನ ನಾಲ್ಕ ತಾಸು. ತಡಕೋ."

ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೆಬ್ಬೆರಳು ಊದಿ ಬದನೆಕಾಯಿಯಾಗಿತ್ತು. ದಸ್ತಗೀರ ತಂದುಕೊಟ್ಟ ಮಿರ್ಚಿ, ಮಂಡಕ್ಕಿಯನ್ನು ಅವಳು ತಿಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಚೆನ್ನಾಗಿಯೇ ತಿಂದಳು. ಹೊಸಪೇಟೆ ದಾಟುವಾಗ ಒಂದು ನಿದ್ದೆಯೂ ಬಂತು. ಏಳು ವರ್ಷದಲ್ಲಿ ಮೊದಲ ಸಲ ಅವಳು ಮಗನೂ ತಮ್ಮನೂ ಒಂದೇ ಮಾಡಿನ ಕೆಳಗಿದ್ದಾಗ ಕಣ್ಣು ಮುಚ್ಚಿದ್ದಳು.

ಚಿತ್ರದುರ್ಗದ ಡೇಟಾ ಸೆಂಟರು ಕಿಟಕಿಗಳಿಲ್ಲದ ಬಿಳಿ ಕಟ್ಟಡ. ಸಂಜೆಯ ಬಿಸಿಲು ಅದರ ಗೋಡೆಯ ಮೇಲೆ ಇನ್ನೂ ಇತ್ತು. ಶಾಲ್ಮಲಿ ಹೇಳಿಟ್ಟಿದ್ದ ಇಬ್ಬರು ತಂತ್ರಜ್ಞರು ಬಾಗಿಲಲ್ಲಿ ಕಾಯುತ್ತಿದ್ದರು. ಪೆಟ್ಟಿಗೆಗಳು ಒಳಗೆ ಬಂದ ಮೇಲೆ ಅವರಲ್ಲೊಬ್ಬ ಪರದೆಯ ಮೇಲೆ ಏನೋ ಒತ್ತಿದ.

"ಒಬ್ಬರು ಸಿಕ್ಕಿದಾರೆ," ಎಂದ. "ಗುರುಪಾದ. ಹಿಡಿದಿದೆ. ಇನ್ನೊಬ್ಬರದು..." ಮತ್ತೆ ಒತ್ತಿದ. "ಮುರುವು ಸರಿಯಾಗಿದೆ. ನಾಡಿ ತೋರಿಸ್ತಾ ಇಲ್ಲ."

ಸುಗಲವ್ವ ಮಾತು ಕೇಳದವಳಂತೆ ಮಗನ ಪೆಟ್ಟಿಗೆಯ ಮೊಳೆ ಕೀಳುತ್ತಿದ್ದಳು. ಮುಚ್ಚಳ ಬಿತ್ತು. ಗುರುಪಾದ ಕಣ್ಣು ತೆರೆದೇ ಇದ್ದ. ಹಣೆಯ ಮೇಲೆ ರಕ್ತ ಒಣಗಿತ್ತು. ಗದ್ದದ ಕೆಳಗಿನ ಫೋಮನ್ನು ಹಲ್ಲಿನಿಂದ ಕಿತ್ತು ಕಿತ್ತು ಹಾಕಿದ್ದ, ತುಣುಕುಗಳು ತುಟಿಗೆ ಅಂಟಿದ್ದವು. ಏನೋ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಅವಳು ಪಟ್ಟಿ ಬಿಚ್ಚುತ್ತ ಅವನ ಬಾಯಿಯ ಹತ್ತಿರ ಕಿವಿ ತಂದಳು.

"ಕರದೆ," ಎಂದ ಅವನು. ಗಂಟಲು ಹರಿದುಹೋಗಿತ್ತು. "ನಿನ್ನ ಎಷ್ಟು ಕರದೆ."

"ಯಾಕಪ್ಪ, ಏನಾತು?"

"ಮಾಮಾ ಉಸರ ಸಿಗವಲ್ದು ಅಂದ. ಹೊಳಿ ದಾಟಿದ ಕೂಡ್ಲೆ ಅಂದ. ಎದಿ ಹಿಡದದ, ಪಟ್ಟಿ ಸಡಲ ಮಾಡು ಅಂತ ಅಕ್ಕಗ ಹೇಳು ಅಂದ." ಗುರುಪಾದ ತುಟಿಗಂಟಿದ ಫೋಮು ಉಗುಳಿದ. "ಮೊದಲ ನಾ ಸಾಯಿ ಅಂದೆ. ಆಮೇಲೆ ನಾನೂ ಕೂಗಿದೆ. ತಲಿ ಬಡಕೊಂಡೆ. ಗಾಡಿ ನಿಂತಾಗ ಕೂಗಬೇಕಂದ್ರ ದನಿನೇ ಇರ್ಲಿಲ್ಲ."

ದಸ್ತಗೀರ ಎರಡನೆಯ ಪೆಟ್ಟಿಗೆಯ ಮುಚ್ಚಳ ಎಬ್ಬಿಸಿದ್ದ. ಅವನು ಒಂದು ಹೆಜ್ಜೆ ಹಿಂದೆ ಸರಿದು ಟೊಪ್ಪಿಗೆ ತೆಗೆದ. ರಾಚಪ್ಪ ನೆಟ್ಟಗೆ ನಿಂತಿದ್ದ. ಕೂದಲೂ ಕೆದರಿರಲಿಲ್ಲ. ಮುಖ ಕಪ್ಪಿಟ್ಟಿತ್ತು, ತುಟಿ ನೀಲಿ. ಮುನ್ನೂರು ಕಿಲೋಮೀಟರು ದಾರಿಯಲ್ಲಿ ಅವನು ಒಂದು ಬೆರಳಿನಷ್ಟೂ ಅಲುಗಿರಲಿಲ್ಲ.

ಸುಗಲವ್ವ ಹತ್ತಿರ ಹೋಗಿ ಎದೆಯ ಪಟ್ಟಿಯ ಹಿಡಿಕೆಗೆ ಕೈ ಹಾಕಿದಳು.

"ಬ್ಯಾಡ," ಎಂದ ಗುರುಪಾದ.

ಅವಳು ತಿರುಗಿ ನೋಡಿದಳು. ಮಗನ ದವಡೆ ಎದ್ದಿರಲಿಲ್ಲ. ಕಿವಿಯಲ್ಲಿ ಸದ್ದೂ ಇರಲಿಲ್ಲ. ಅವನು ಒಡೆದ ಹೆಗಲನ್ನು ಒಂದು ಕೈಯಿಂದ ಹಿಡಿದುಕೊಂಡು, ಬಗ್ಗಿ, ಕಾಲೆಳೆಯುತ್ತ ಬಂದು ತಾಯಿಗೂ ಮಾಮನಿಗೂ ನಡುವೆ ನಿಂತ.

"ನೀ ಮುಟ್ಟಬ್ಯಾಡವ್ವ ಅವಂಗ."

ಸುಗಲವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಒಂದೇ ಕೈಯಲ್ಲಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಯದು ಬಿಚ್ಚಿದಾಗ ರಾಚಪ್ಪ ಮುಂದಕ್ಕೆ ವಾಲಿ ಅವನ ಎದೆಯ ಮೇಲೆ ಬಿದ್ದ. ಗುರುಪಾದ ಆ ಭಾರವನ್ನು ತಾಳಿಕೊಂಡು ಹಾಗೆಯೇ ನೆಲಕ್ಕೆ ಕೂತ. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ.